ಪುಡಿಹಿಮ ಪರ್ಯಟನದ ತಾತ್ವಿಕ ನೆಲೆಗಳು: ತೊಗರ್ಸಿಯನ್ನು ಅನುಲಕ್ಷಿಸಿ

ಪ್ರಸ್ತಾವನೆ: ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯ ಒಂದು ಅಡಿಕೆ ಕುಟುಂಬವು ಜಪಾನಿನ ಹೊಕ್ಕೈಡೊ ದ್ವೀಪದ ನಿಸೆಕೊಗೆ ಜನವರಿಯಲ್ಲಿ ಹಿಮದ ಮೇಲೆ ಜಾರಲು ಹೋಗುವ ಯೋಜನೆ ಹಾಕಿತು. ಅದನ್ನು ಬಹುಶಿಸ್ತೀಯ ನೆಲೆಯಲ್ಲಿ, ವಸಾಹತೋತ್ತರ ಸಂಕಥನದ ಹಿನ್ನೆಲೆಯಲ್ಲಿ, ಅನನ್ಯತೆಯ ರಾಜಕಾರಣದ ಪರಿಪ್ರೇಕ್ಷ್ಯದಲ್ಲಿ ಹಾಗೂ ಸಂಘಟಕರು ಕೊಟ್ಟ ಹದಿನೈದು ನಿಮಿಷದಲ್ಲಿ ಅವಲೋಕಿಸುವ ವಿನಮ್ರ ಪ್ರಯತ್ನವೇ ಈ ಪ್ರಬಂಧ. ಸಂಶೋಧನಾ ನೈತಿಕತೆಯ ಕಾರಣಕ್ಕೆ ಕುಟುಂಬದ ಹೆಸರನ್ನು ಮರೆಮಾಚಲಾಗಿದೆ. ಊರಲ್ಲಿ ಎಲ್ಲರಿಗೂ ಗೊತ್ತಿದೆ.

ಪೂರ್ವಾಧ್ಯಯನ ಸಮೀಕ್ಷೆ: ಈ ಸೀಮೆಗೆ ಹಿಮದ ನಂಟಿಲ್ಲವೆಂಬುದು ಅವಸರದ ತೀರ್ಮಾನ. ಬಳ್ಳಿಗಾವೆಯಲ್ಲಿ ಕೇದಾರೇಶ್ವರನಿದ್ದಾನೆ, ಆ ಕ್ಷೇತ್ರಕ್ಕೆ ದಕ್ಷಿಣ ಕೇದಾರವೆಂದೇ ಹೆಸರು. ತೊಗರ್ಸಿಯಲ್ಲಿ ಮಲ್ಲಿಕಾರ್ಜುನ, ಅಂದರೆ ಶ್ರೀಶೈಲದವನು. ಇದರಿಂದ ಸಿದ್ಧವಾಗುವ ಪ್ರಮೇಯವಿಷ್ಟು: ದೂರದ ಊರಿಗೆ ತಾನು ಹೋಗುವ ಬದಲು ಆ ಊರಿನ ದೇವರನ್ನೇ ಕರೆತಂದು ಕೂರಿಸುವುದು ಇಲ್ಲಿನವರ ಪ್ರಾಚೀನ ಪ್ರವಾಸ ನೀತಿ. ಇದನ್ನು 'ವಿಲೋಮ ಪರ್ಯಟನ'ವೆಂದು ಹೆಸರಿಸುತ್ತಿದ್ದೇನೆ; ಬಳಸುವವರು ಅಡಿಟಿಪ್ಪಣಿ ಹಾಕತಕ್ಕದ್ದು. ಕೇದಾರ ಬಂದರೂ ಹಿಮ ಯಾಕೆ ಬರಲಿಲ್ಲ ಎಂಬ ತೊಡಕನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಎತ್ತರವಿಲ್ಲದ್ದಕ್ಕೆ ಬರಲಿಲ್ಲವೆಂಬ ವಾದ ನಿಲ್ಲುವುದಿಲ್ಲ. ಜಗತ್ತೇ ಹೋಗಿ ಜಾರುವ ನಿಸೆಕೊ ಅನ್ನುಪುರಿ ಬೆಟ್ಟ 1,308 ಮೀಟರ್. ನಮ್ಮ ಕೊಡಚಾದ್ರಿ 1,343. ವಿಷಯವಿರುವುದು ಗಾಳಿಯಲ್ಲಿ. ಸೈಬೀರಿಯಾದ ಒಣ ಶೀತಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು, ಹೊಕ್ಕೈಡೊದ ಬೆಟ್ಟಗಳನ್ನು ಏರುತ್ತ ಅದನ್ನು ಹಗುರ ಹಿಮವಾಗಿ ಸುರಿಸುತ್ತದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತಿ ಆಗುಂಬೆಯಲ್ಲಿ ಮಳೆ ಸುರಿಸುವುದೂ ಹೀಗೆಯೇ. ಇಷ್ಟನ್ನು ಹೈಸ್ಕೂಲು ಮಾಸ್ತರು ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಪ್ರಬಂಧದ ಘನತೆಗೆ ಅದು ಸಾಲದು. ಆದ್ದರಿಂದ ಇದನ್ನು 'ಸಾಗರ-ಗಿರಿ ದ್ವಂದ್ವದ ಆರ್ದ್ರತಾ ಅನುಸಂಧಾನ' ಎಂದು ಓದಿಕೊಳ್ಳಬೇಕು.

ವರ್ಗೀಕರಣ: ಪಾಶ್ಚಾತ್ಯ ಮಾದರಿಗಳನ್ನು ನಿರಾಕರಿಸಿ ಶಿವಮೊಗ್ಗ ಅಡಿಕೆ ಮಂಡಿಯ ದೇಸಿ ಮಾದರಿಯನ್ನು ಇಲ್ಲಿ ಅನ್ವಯಿಸಿದೆ. ಸರಕು ಹಿಮ: ರಾತ್ರಿ ಬಿದ್ದದ್ದು, ಒಣದು, ಊದಿದರೆ ಹಾರುವಂಥದ್ದು, ದುಬಾರಿ. ಬೆಟ್ಟೆ ಹಿಮ: ಯಂತ್ರ ಓಡಿಸಿ ಹದ ಮಾಡಿದ್ದು, ಕಲಿಯುವವರಿಗೆ. ರಾಶಿ ಹಿಮ: ಎಲ್ಲರೂ ತುಳಿದು ಮುಗಿಸಿದ್ದು. ಗೊರಬಲು ಹಿಮ: ಕರಗಿ ಮತ್ತೆ ಗಟ್ಟಿಯಾದದ್ದು, ಮೂಳೆ ಮುರಿಯುವುದು ಇದರಲ್ಲೇ. ಇವುಗಳಿಗೆ ಒಳಭೇದಗಳುಂಟು: ಪೂರ್ವಸರಕು, ಸರಕೋತ್ತರ, ಗೊರಬಲಾಭಾಸ, ರಾಶ್ಯಾಭಾಸ... ಸಾಕು ಬಿಡಿ.

ಹಿಮವನ್ನು ನಿಜವಾಗಿ ವರ್ಗೀಕರಿಸಿದವರು ಹೊಕ್ಕೈಡೊ ವಿಶ್ವವಿದ್ಯಾಲಯದ ಉಕಿಚಿರೊ ನಕಾಯ. ಕೊರೆಯುವ ಚಳಿಯ ಕೋಣೆಯಲ್ಲಿ ನಿಂತು, ಮೊಲದ ಒಂದು ಕೂದಲಿನ ಮೇಲೆ, 1936ರಲ್ಲಿ ಮೊದಲ ಕೃತಕ ಹಿಮಹರಳು ಬೆಳೆಸಿದರು. ಎಷ್ಟು ಚಳಿಗೆ, ಎಷ್ಟು ತೇವಕ್ಕೆ ಯಾವ ಆಕಾರ ಮೂಡುತ್ತದೆಂದು ಗುರುತು ಹಾಕಿಟ್ಟರು. ಅದು ವಿದ್ವತ್ತು. ನಾನು ಕೂತು ಕೇಳಿದ ವಿಚಾರ ಸಂಕಿರಣದಲ್ಲಿ ಒಬ್ಬರು 'ಅಡಿಕೆಯ ಸಾಂಸ್ಕೃತಿಕ ಅಸ್ಮಿತೆ'ಯ ಬಗ್ಗೆ ಊಟದ ಹೊತ್ತು ಮೀರುವ ತನಕ ಓದಿದರು. ಎಲೆಚುಕ್ಕಿ ರೋಗಕ್ಕೆ ಮಲೆನಾಡಿನ ತೋಟಗಳು ಸೋಗೆ ಸಮೇತ ಒಣಗುತ್ತಿವೆಯಲ್ಲ ಸರ್, ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ. ಪ್ರಶ್ನೆ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಯಾರಪ್ಪನ ವ್ಯಾಪ್ತಿ ಸ್ವಾಮೀ ಅದು? ನಿಮ್ಮ ಶಾಲಿಗೆ, ಹಾರಕ್ಕೆ, ಆ ಊಟಕ್ಕೆ ನೋಂದಣಿ ಶುಲ್ಕ ಕಟ್ಟಿದವನು ಅವನು. ಆ ದುಡ್ಡು ಬಂದದ್ದೂ ಅಡಿಕೆಯಿಂದಲೇ.

ಇರಲಿ. ಪ್ರಬಂಧಕ್ಕೆ ಮರಳೋಣ.

ದಾಖಲೆಗಳ ಜ್ಞಾನಮೀಮಾಂಸೆ: ಬೆಂಗಳೂರಿನ ಏಜೆಂಟ್ ವೀಸಾಕ್ಕೆಂದು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿದ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿಯಿದೆ. ಆ ಮನೆಯ ಅಪ್ಪ ಯಾವತ್ತೂ ರಿಟರ್ನ್ ಹಾಕಿದವರಲ್ಲ. ಪಹಣಿ ತೋರಿಸಿದರು, ಮಂಡಿಯ ಚೀಟಿ ತೋರಿಸಿದರು. 'ಇದೆಲ್ಲ ಪ್ರೂಫ್ ಆಗಲ್ಲ ಸರ್' ಎಂದ. ಅರ್ಧ ದೇಶ ಜಗಿಯುವುದನ್ನು ಬೆಳೆದವನಿಗೆ ಆದಾಯವಿದೆ ಎನ್ನಲು ಸಾಕ್ಷಿಯಿಲ್ಲ; ತಿಂಗಳ ಕೊನೆಗೆ ಸಂಬಳದ ಸ್ಲಿಪ್ ಬರುವ ಮಗನಿಗೆ ಇದೆ. ಪರಸ್ಥಳದಲ್ಲಿ ಅವಮಾನವಾಗುವುದು ಈ ಸೀಮೆಗೆ ಹೊಸತಲ್ಲ. ಪಕ್ಕದ ತಾಳಗುಂದದ ಕಂಬದ ಶಾಸನದ ಪ್ರಕಾರ, ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ತೊಗರ್ಸಿಯ ಅಪ್ಪ ಫೈಲು ಮಡಚಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಬಂದರು. ಬೆಳಿಗ್ಗೆ ಸುಲಿಯುವವರು ಬರುವವರಿದ್ದರು.

ಕಾಲಮಾನದ ಸಮಸ್ಯೆ: ಅಮ್ಮ ಮೊದಲೇ ಹೇಳಿದ್ದರು. 'ಅಲ್ಲೋ, ಜನವರಿಗೆ ಹೋದ್ರೆ ಕೊನೆ ಇಳ್ಸೋದು ಯಾರೋ?' ಇಡೀ ಪ್ರಬಂಧದ ಪ್ರಮೇಯ ಈ ಒಂದು ಪ್ರಶ್ನೆಯಲ್ಲೇ ಇದೆ ಎಂಬುದನ್ನು ಸಂಪಾದಕರಿಗೆ ತಿಳಿಸಬಾರದಾಗಿ ವಿನಂತಿ. ಒಳ್ಳೆಯ ಪುಡಿಹಿಮ ಬೀಳುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ತೊಗರ್ಸಿಯಲ್ಲಿ ಆಗ ಕೊನೆಗಾರನ ಮನೆಗೆ ಎರಡು ಸಲ ಹೋಗಿ ಕರೆಯಬೇಕು, ಸುಲಿಸಬೇಕು, ಚೊಗರಿನಲ್ಲಿ ಬೇಯಿಸಬೇಕು, ಅಂಗಳದಲ್ಲಿ ಹರವಿ ಇಬ್ಬನಿ ಬೀಳುವ ಮುಂಚೆ ಮುಚ್ಚಬೇಕು. ಮಾರ್ಚ್‌ಗೆ ಹೋಗೋಣವೆಂದರೆ ಅಲ್ಲಿ ಹಿಮ ಒದ್ದೆಯಾಗತೊಡಗುತ್ತದೆ. ಇಲ್ಲಿ ಮೋಟರಿನ ಕರೆಂಟು ನಡುರಾತ್ರಿ ಬರತೊಡಗುತ್ತದೆ. ಮಳೆಗಾಲದಲ್ಲಿ ಕೊಳೆರೋಗ. ಮಳೆ ಹೊಳವಾದ ದಿನ ನೋಡಿಯೇ ಬೋರ್ಡೊ ಹೊಡೆಯಬೇಕು. ಆ ದಿನ ಯಾವುದೆಂದು ಯಾವ ವಿಮಾನ ಕಂಪನಿಗೂ ಮೊದಲೇ ಹೇಳಲಾಗದು.

ಕನ್ನಡಿಗರಿಗೆ ಹಿಮ ಒಗ್ಗುವುದಿಲ್ಲವೆಂದಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದವರು. ಒಗ್ಗದಿರುವುದು ರಜೆ. ಜನವರಿಯಲ್ಲಿ ರಜೆ ಹಾಕಬಲ್ಲವರು ತೋಟ ಬಿಟ್ಟು ಹೋದವರು. ಅವರು ಬಿಟ್ಟ ತೋಟ ಒಂದೊಂದಾಗಿ ಚೇಣಿಗೆ ಹೋಗುತ್ತಿದೆ, ಮನೆಯಲ್ಲಿ ಇಬ್ಬರು ಮುದುಕರು ಉಳಿಯುತ್ತಾರೆ. ಇದಕ್ಕೊಂದು ಪಾರಿಭಾಷಿಕ ಪದ ಕಟ್ಟಲು ಕೂತೆ. ಮನಸ್ಸು ಬರಲಿಲ್ಲ.

ಮಗನೊಬ್ಬನೇ ಹೋದ. ಸೊಂಟದವರೆಗೆ ಹಿಮದಲ್ಲಿ ಹೂತು ನಿಂತ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿದ. ಅಪ್ಪ ಚೊಗರಿನ ಕೈ ಪಂಚೆಗೆ ಒರೆಸಿಕೊಂಡು ನೋಡಿ, ಮೈಕಿನ ಗುರುತು ಒತ್ತಿ ಹಿಡಿದು ಹೇಳಿದರು: 'ಚೆನ್ನಾಗಿದೆ. ವಾಪಸ್ ಬರ್ತಾ ಬೆಂಗ್ಳೂರಲ್ಲಿ ಸುಲಿಯೋ ಮಿಷನ್ನಿನ ಬೆಲ್ಟ್ ಸಿಗುತ್ತಾ ನೋಡು. ಶಿರಾಳಕೊಪ್ಪದಲ್ಲಿ ಸಿಗ್ತಿಲ್ಲ.'