ಅರವತ್ತನೇ ಕಲಮಿನ ಸಂಸಾರ

ಬಾಡಿಗೆ ಮನೆಯಲ್ಲಿ ಇರುವವರಿಗೆ ಬಾಗಿಲಿನ ಸದ್ದು ಕೇಳಿದರೆ ಸಾಕು, ಬಂದವರು ಯಾರೆಂದು ಗೊತ್ತಾಗುತ್ತದೆ. ಗ್ಯಾಸಿನವನಿಗೆ ಬೆಲ್ಲಿನ ಹಂಗಿಲ್ಲ, ಸಿಲಿಂಡರನ್ನೇ ನೆಲಕ್ಕೆ ಕುಟ್ಟುತ್ತಾನೆ. ಕೊರಿಯರ್ ಹುಡುಗ ಬೆಲ್ ಒತ್ತಿದ ಬೆರಳು ತೆಗೆಯುವುದಿಲ್ಲ. ತಿಂಗಳ ಐದನೇ ತಾರೀಕು ದಾಟಿದ ಮೇಲೆ ಬರುವ ಓನರದು ಮಾತ್ರ ಮೆತ್ತನೆಯ ಸದ್ದು. "ಸುಮ್ನೆ ಬಂದೆ, ನಲ್ಲಿ ಸೋರ್ತಿದೆಯಾ ನೋಡೋಣಾಂತ" ಎನ್ನುತ್ತಾರೆ. ನಲ್ಲಿ ಸೋರುತ್ತಿದೆಯೆಂದು ನಾವಾಗಿ ತಿಂಗಳುಗಟ್ಟಲೆ ಹೇಳಿಕೊಂಡಾಗ ಅವರಿಗೆ ಅದು ಕೇಳಿಸಿರುವುದಿಲ್ಲ. ಈ ಯಾವ ಸದ್ದಿನ ಲೆಕ್ಕಕ್ಕೂ ಸೇರದವರು ಕೋರ್ಟಿನ ಅಮೀನರು. ಸರ್ಕಾರದ ಕಡತದಲ್ಲಿ ಅವರಿಗೆ ಬೇಲಿಫ್ ಎಂದು ಹೆಸರಿದ್ದರೂ ಜನರ ಬಾಯಲ್ಲಿ ಅವರು ಅಮೀನರೇ.

ಬೆಂಗಳೂರಿನಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡು ಅಮೀನರನ್ನು ಮನೆಗೆ ಕರೆಸಿಕೊಳ್ಳುವುದು ಅಷ್ಟು ಸುಲಭದ ಕೆಲಸವೂ ಅಲ್ಲ. ಮನೆ ಹಿಡಿಯುವಾಗಲೇ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಎಣಿಸಿಕೊಟ್ಟಿರುತ್ತೇವೆ. ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎಂದು ಕೇಂದ್ರದವರು 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿದರು. ಮಾದರಿ ಎಂದರೆ ನೋಡಿ ಸಂತೋಷಪಡುವುದಕ್ಕೆ ಎಂದು ನಮ್ಮ ಓನರುಗಳು ಅರ್ಥ ಮಾಡಿಕೊಂಡಿದ್ದಾರೆ. ಹಾಗಾಗಿ ಬಾಕಿದಾರನಾಗಲು ಹೊರಟವನು ಮೊದಲು ಹತ್ತು ತಿಂಗಳ ಅಡ್ವಾನ್ಸನ್ನು ಮನೆಯಲ್ಲಿ ಕೂತು ಕರಗಿಸಬೇಕು. ಹನ್ನೊಂದನೇ ತಿಂಗಳಿಗೆ ಓನರ್ ನಿದ್ದೆ ಹಾರುತ್ತದೆ. ಆಮೇಲೆ ವಕೀಲರ ನೋಟೀಸು, ದಾವೆ, ವಾಯಿದೆ ಮೇಲೆ ವಾಯಿದೆ, ಕೊನೆಗೊಂದು ಡಿಕ್ರಿ. ಡಿಕ್ರಿ ಬಂದರೆ ದುಡ್ಡು ಬಂತು ಎಂದು ತಿಳಿಯುವವರು ಕೋರ್ಟಿಗೆ ಹೊಸಬರು. ಅದನ್ನು ಕಾಸಾಗಿಸಲು ಅಮಲ್ಜಾರಿ ಅರ್ಜಿ ಎಂಬ ಇನ್ನೊಂದು ಕೇಸು ಹಾಕಬೇಕು. ಅದು ಪಕ್ವವಾದ ಮೇಲೆ ಜಪ್ತಿ ವಾರಂಟು, ವಾರಂಟಿನ ಹಿಂದೆ ಅಮೀನರು. ಇಷ್ಟು ಹೊತ್ತಿಗೆ ಬಾಕಿದಾರ ಎಷ್ಟೋ ಮನೆ ಬದಲಿಸಿ, ಎಷ್ಟೋ ಕಡೆ ಹಾಲುಕ್ಕಿಸಿರುತ್ತಾನೆ. ಡಿಕ್ರಿಗೂ ಅವಸರವಿಲ್ಲ, ಹನ್ನೆರಡು ವರ್ಷದವರೆಗೆ ಅದಕ್ಕೆ ಆಯುಸ್ಸಿದೆ.

ಅಂಥದೊಂದು ದೀರ್ಘಾಯುಷಿ ಡಿಕ್ರಿ ನಮ್ಮ ಮನೆಗೂ ಬಂತು. ಬಂದದ್ದು ನಮ್ಮ ಬಾಕಿಗಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಬಂಧವನ್ನು ನಮ್ಮ ಈಗಿನ ಓನರ್ ಕೂಡ ಓದುವ ಸಂಭವವಿದೆ. ನಮಗಿಂತ ಮುಂಚೆ ಇದೇ ಮನೆಯಲ್ಲಿದ್ದ ಮಹಾನುಭಾವರು ಅದಕ್ಕೂ ಮುಂಚೆ ಎಲ್ಲೋ ಇದ್ದ ಮನೆಯ ಬಾಡಿಗೆ ಬಾಕಿ ಅದು. ನಮ್ಮವರು ಆಫೀಸಿಗೆ ಹೋಗಿದ್ದರು. ಅತ್ತೆ ಹುರುಳಿಕಾಯಿ ಸೋಸುತ್ತಿದ್ದರು. ಬಾಗಿಲು ತೆರೆದರೆ ಹೆಗಲಿಗೆ ಚೀಲ ಹಾಕಿದ ಹಿರಿಯರೊಬ್ಬರು, ಅವರ ಹಿಂದೆ ಸಫಾರಿ ತೊಟ್ಟ ಇನ್ನೊಬ್ಬರು, ಅವರ ಹಿಂದೆ ರಸ್ತೆಯಲ್ಲಿ ಖಾಲಿ ಟಾಟಾ ಏಸ್ ಗಾಡಿ. ಸಫಾರಿಯವರು ಡಿಕ್ರಿದಾರರು, ಅಂದರೆ ಹಳೆಯ ಓನರ್. ಯಾವ ಸಾಮಾನು ಎತ್ತಬೇಕೆಂದು ತೋರಿಸಿಕೊಡಲು ಅವರೇ ಬರಬೇಕಂತೆ.

"ಅಮ್ಮಾ, ಕೋರ್ಟಿಂದ ಬಂದಿದೀನಿ. ಜಪ್ತಿ ವಾರಂಟ್ ಇದೆ" ಎಂದರು ಹಿರಿಯರು. ಊಟಕ್ಕೆ ಕರೆಯಲು ಬಂದವರಷ್ಟು ಸಮಾಧಾನ ಆ ದನಿಯಲ್ಲಿತ್ತು. ನನ್ನ ಕೈಕಾಲು ತಣ್ಣಗಾಯಿತು. ಅಷ್ಟರಲ್ಲಿ ಸಫಾರಿಯವರು ನನ್ನ ಭುಜದ ಮೇಲಿಂದ ಇಣುಕಿ, "ಫ್ರಿಜ್ಜು ಡಬಲ್ ಡೋರು" ಎಂದು ಆಶಾಭಾವದಿಂದ ನುಡಿದರು.

ಹೆಸರು ನಮ್ಮದಲ್ಲ ಎಂದೆ. ಹಾಗಾದರೆ ನೀವು ಯಾರು ಎಂದು ಕೇಳಿದರು. ಆಧಾರ್ ತೋರಿಸಿದೆ, ಬಾಡಿಗೆ ಕರಾರು ತೋರಿಸಿದೆ. ಕರಾರು ಎಲ್ಲರದರಂತೆ ಹನ್ನೊಂದು ತಿಂಗಳದು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಓನರುಗಳೆಲ್ಲ ಹನ್ನೊಂದಕ್ಕೇ ನಿಲ್ಲುತ್ತಾರೆ. ಸಫಾರಿಯವರಿಗೆ ಸಮಾಧಾನವಾಗಲಿಲ್ಲ. "ಅವನು ಭಾರಿ ಚಾಲಾಕಿ ಸಾರ್, ಇವರು ಅವನ ಕಡೆಯೋರೇ ಇರಬಹುದು. ಸಾಮಾನೆಲ್ಲ ಅವನದೇ" ಎಂದು ಅಮೀನರ ಕಿವಿ ಕಚ್ಚಿದರು. ಅಮೀನರು ನನ್ನನ್ನು ನೋಡಿ, "ಫ್ರಿಜ್ಜಿನ ಬಿಲ್ಲು ಇದ್ರೆ ಒಂದ್ಸಲ ತೋರಿಸಿಬಿಡಿ ಅಮ್ಮಾ" ಎಂದರು.

ಯಾರ ಮನೆಯಲ್ಲಿ ಫ್ರಿಜ್ಜಿನ ಬಿಲ್ಲು ಇರುತ್ತದೆ? ಹೋಟೆಲಿನಿಂದ ಸಾಂಬಾರ್ ತಂದ ಪ್ಲಾಸ್ಟಿಕ್ ಡಬ್ಬಿಗಳನ್ನು ನಾವು ತಲೆಮಾರಿಗಾಗುವಷ್ಟು ಕಾಪಾಡುತ್ತೇವೆ, ಬಿಲ್ಲನ್ನು ಮಾತ್ರ ಮೊದಲ ದೀಪಾವಳಿ ಕ್ಲೀನಿಂಗಿನಲ್ಲೇ ಬಿಸಾಡುತ್ತೇವೆ. ಸಾಲದ್ದಕ್ಕೆ ಅದು ತವರಿನವರು ಮದುವೆಗೆ ಕೊಟ್ಟ ಫ್ರಿಜ್ಜು. ಆಗ ಅತ್ತೆ ಎದ್ದರು. ಕಪಾಟಿನಿಂದ ನಮ್ಮ ಮದುವೆ ಆಲ್ಬಂ ತಂದು ಅಮೀನರ ಮುಂದೆ ಇಟ್ಟು, "ನೋಡಿ ಸ್ವಾಮಿ, ಆರತಕ್ಷತೆ ಫೋಟೋದಲ್ಲಿ ಹಿಂದುಗಡೆ ರಿಬ್ಬನ್ ಕಟ್ಟಿ ನಿಲ್ಲಿಸಿದಾರಲ್ಲ, ಅದೇ ಫ್ರಿಜ್ಜು" ಎಂದರು. ಆದರೆ ಅತ್ತೆ ಆಲ್ಬಮನ್ನು ನಡುವಿನಿಂದ ತೆರೆದು ತೋರಿಸುವವರಲ್ಲ. ವರಪೂಜೆಯಿಂದಲೇ ಶುರು ಮಾಡಿದರು. ಇವನು ನಮ್ಮ ಚಿಕ್ಕಪ್ಪನ ಮಗ, ಈಗ ಅಮೆರಿಕದಲ್ಲಿದಾನೆ. ಇವಳು ಬೀಗರ ಕಡೆಯೋಳು, ಅವತ್ತು ಸೀರೆ ವಿಷಯಕ್ಕೆ ಮುನಿಸಿಕೊಂಡಿದ್ದಳು. ಅಮೀನರು ಒಂದೊಂದು ಪುಟವನ್ನೂ ಶ್ರದ್ಧೆಯಿಂದ ನೋಡಿದರು. ಹೊರಗೆ ಟಾಟಾ ಏಸಿನ ಡ್ರೈವರ್ ಹಾರನ್ ಹೊಡೆದು ವೇಟಿಂಗ್ ಚಾರ್ಜು ನೆನಪಿಸಿದ. ಸಫಾರಿಯವರ ಮುಖ ಸಣ್ಣದಾಯಿತು. ಧಾರೆಯ ಹೊತ್ತಿಗೆ ಕಾಫಿ ಬಂತು. ಆರತಕ್ಷತೆಯಲ್ಲಿ ಫ್ರಿಜ್ಜು ಕಂಡಿತು. ಅಮೀನರು ಕನ್ನಡಕ ಸರಿಮಾಡಿಕೊಂಡು ಫೋಟೋವನ್ನೂ ಫ್ರಿಜ್ಜನ್ನೂ ಹೋಲಿಸಿ, "ಸರಿ" ಎಂದರು. ವಾರಂಟಿನ ಹಿಂದೆ ಆಸಾಮಿ ಈ ವಿಳಾಸದಲ್ಲಿಲ್ಲ ಎಂದು ಷರಾ ಬರೆದರು.

ಕಾಫಿಯ ನಂತರ ಅತ್ತೆಗೆ ಧೈರ್ಯ ಬಂತು. "ಅಲ್ಲ ಸ್ವಾಮಿ, ಅವನೇ ಸಿಕ್ಕಿದ್ದರೆ ಎಲ್ಲಾ ಹೊತ್ಕೊಂಡು ಹೋಗ್ತಿದ್ರಾ?" ಎಂದು ವಿಚಾರಿಸಿದರು. ಅಮೀನರು ಪಾಠ ಹೇಳುವ ಮೇಷ್ಟ್ರಾದರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅರವತ್ತನೇ ಕಲಂ ಎಂಬುದೊಂದಿದೆಯಂತೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ, ಹಾಸಿಗೆ ಮುಟ್ಟುವಂತಿಲ್ಲ. ಧರ್ಮದ ಪ್ರಕಾರ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ. ಕಸಬುದಾರನ ಸಲಕರಣೆ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಬಿಟ್ಟುಬಿಡಬೇಕು. ಅರವತ್ತೆರಡನೇ ಕಲಮಿನ ಪ್ರಕಾರ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಮನೆಯೊಳಗೆ ಕಾಲಿಡುವಂತಿಲ್ಲ. ಮುಂದೆಂದೋ ಆಸ್ತಿ ಕೈಗೆ ಬಂದೀತು ಎಂಬ ಬರೀ ನಿರೀಕ್ಷೆಯನ್ನೂ ಜಪ್ತಿ ಮಾಡುವಂತಿಲ್ಲವಂತೆ. ಇಲ್ಲದಿದ್ದರೆ ನಮ್ಮ ದಾಯಾದಿಗಳಲ್ಲಿ ಅರ್ಧ ಜನರ ಬಳಿ ಇರುವ ಏಕೈಕ ಸಂಪತ್ತೂ ಹೋಗುತ್ತಿತ್ತು.

"ಮಿಕ್ಸಿ ಪಾತ್ರೆಗೆ ಸೇರತ್ತೋ, ಯಂತ್ರಕ್ಕೋ?" ಅತ್ತೆ ಪಟ್ಟು ಬಿಡಲಿಲ್ಲ.

ಅಮೀನರು ಯೋಚಿಸಿದರು. "ಜಾರು ಪಾತ್ರೆ, ಮೋಟರು ಜಪ್ತಿಗೆ ಬರತ್ತೆ ಅಂತ ವಕೀಲರು ವಾದ ಮಾಡಬಹುದು ಅಮ್ಮಾ. ಆದರೆ ಜಾರಿಲ್ಲದ ಮೋಟರನ್ನ ಹರಾಜಲ್ಲಿ ಯಾರು ಕೂಗ್ತಾರೆ?"

ಈ ಬಾಡಿಗೆ ಬಾಕಿಗೂ ಸಾಹಿತ್ಯಕ್ಕೂ ಹಳೆಯ ನಂಟಿದೆ. ಲಂಡನ್ನಿನಲ್ಲಿ ಆಲಿವರ್ ಗೋಲ್ಡ್‌ಸ್ಮಿತ್ ಬಾಡಿಗೆ ಕೊಡಲಿಲ್ಲವೆಂದು ಮನೆಯೊಡತಿ ಅವನನ್ನು ಹಿಡಿಸಿದ್ದಳು. ಅವನು ಗೆಳೆಯ ಡಾಕ್ಟರ್ ಜಾನ್ಸನ್‌ಗೆ ಹೇಳಿಕಳಿಸಿದ. ಜಾನ್ಸನ್ ಒಂದು ಗಿನಿ ಕಳಿಸಿ ಹಿಂದೆಯೇ ತಾನೂ ಹೋದರೆ, ಗಿನಿ ಆಗಲೇ ಮುರಿದು ಮದೀರಾ ಬಾಟಲಿಯಾಗಿ ಮೇಜಿನ ಮೇಲೆ ಕೂತಿತ್ತು. ಜಾನ್ಸನ್ ಬಾಟಲಿಗೆ ಬಿರಡೆ ಜಡಿದು, ಮಾರುವಂಥದ್ದು ಬೇರೇನಿದೆ ಎಂದು ವಿಚಾರಿಸಿದ. ಒಂದು ಕಾದಂಬರಿಯ ಹಸ್ತಪ್ರತಿ ಸಿಕ್ಕಿತು. ಅದನ್ನು 60 ಪೌಂಡಿಗೆ ಮಾರಿ ತಂದ. ಗೋಲ್ಡ್‌ಸ್ಮಿತ್ ಬಾಡಿಗೆ ಕೊಟ್ಟು, ಜೊತೆಗೆ ಮನೆಯೊಡತಿಯನ್ನು ಚೆನ್ನಾಗಿ ಗದರಿಸಿಯೂ ಬಿಟ್ಟ. 1766ರಲ್ಲಿ ಅಚ್ಚಾದ 'ದಿ ವಿಕಾರ್ ಆಫ್ ವೇಕ್‌ಫೀಲ್ಡ್' ಹೀಗೆ ಬೆಳಕು ಕಂಡಿತೆಂದು ಜಾನ್ಸನ್‌ನ ಜೀವನಚರಿತ್ರೆಕಾರ ಬಾಸ್ವೆಲ್ ಬರೆದಿದ್ದಾನೆ. ಹಸ್ತಪ್ರತಿಯನ್ನು ಮನೆಯೊಡತಿಯೇ ಹೊತ್ತೊಯ್ದಿದ್ದರೆ ಅದರಲ್ಲಿ ಒಲೆ ಹಚ್ಚುತ್ತಿದ್ದಳೋ ಏನೋ. ನನ್ನ ಹಸ್ತಪ್ರತಿಗಳ ಬಗ್ಗೆ ನಮ್ಮ ಅಮೀನರು ವಿಚಾರಿಸಲೇ ಇಲ್ಲ. ಸಫಾರಿಯವರೂ ಅವುಗಳ ಮೇಲೆ ಕಣ್ಣು ಹಾಕಲಿಲ್ಲ. ಅದೊಂದು ನೋವು ಉಳಿದಿದೆ.

ಇನ್ನೊಬ್ಬ ರಿಚರ್ಡ್ ಸ್ಟೀಲ್. 1711ರಲ್ಲಿ ಅಡಿಸನ್ ಜೊತೆ 'ಸ್ಪೆಕ್ಟೇಟರ್' ಪತ್ರಿಕೆ ಶುರು ಮಾಡಿದ, ನಮ್ಮಂಥ ಲಘು ಪ್ರಬಂಧದವರಿಗೆಲ್ಲ ಮುತ್ತಜ್ಜನಾಗಬೇಕಾದವನು. ಒಮ್ಮೆ ದೊಡ್ಡ ದೊಡ್ಡವರನ್ನು ಊಟಕ್ಕೆ ಕರೆದಿದ್ದ. ಸಮವಸ್ತ್ರದ ಸೇವಕರ ಹಿಂಡನ್ನು ಕಂಡು ಅತಿಥಿಗಳು ಬೆರಗಾಗಿ, ಇಷ್ಟೊಂದು ಜನರನ್ನು ಹೇಗೆ ಸಾಕುತ್ತೀಯೆಂದು ಕೇಳಿದರು. ಅವರು ಸೇವಕರಲ್ಲ, ಜಪ್ತಿಗೆ ಬಂದು ಕೂತ ಬೇಲಿಫರು. ಹೇಗೂ ಏಳುವುದಿಲ್ಲವಲ್ಲ, ಅಂಗಿ ತೊಡಿಸಿ ಬಡಿಸಲು ಬಿಟ್ಟೆ ಎಂದನಂತೆ. ಗೆಳೆಯರೇ ಸಾಲ ತೀರಿಸಿದರೆಂದು ಜಾನ್ಸನ್ ದಾಖಲಿಸಿದ್ದಾನೆ. ಪ್ರಬಂಧಕಾರರಿಗೆ ಈಗ ಅಂಥ ಗೆಳೆಯರೂ ಇಲ್ಲ, ಅಷ್ಟು ಸೇವಕರನ್ನು ನಿಲ್ಲಿಸಲು ಎರಡು ಬೆಡ್‌ರೂಮಿನ ಮನೆಯಲ್ಲಿ ಜಾಗವೂ ಇಲ್ಲ.

ಸ್ಟೀಲನಿಗೆ ಗೊತ್ತಿದ್ದ ಗುಟ್ಟು ನನಗೆ ಹೊಳೆದದ್ದು ಅಮೀನರು ಹೋದ ಮೇಲೆ. ಹಳೆಯ ಫ್ರಿಜ್ಜು ಹರಾಜಿನಲ್ಲಿ ಎಷ್ಟಕ್ಕೆ ಹೋದೀತು? ಗಾಡಿ ಬಾಡಿಗೆ ಹುಟ್ಟಿದರೆ ಪುಣ್ಯ. ಸಾಲಗಾರನನ್ನೇ ಸಿವಿಲ್ ಜೈಲಿಗೆ ಕಳಿಸೋಣವೆಂದರೆ ಅಲ್ಲಿ ಅವನ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. ಬಾಡಿಗೆಯೂ ಬರಲಿಲ್ಲ, ಮೇಲೆ ಊಟವನ್ನೂ ಹಾಕು ಎನ್ನುತ್ತದೆ ಕಾನೂನು. ಮೂರು ತಿಂಗಳು ಉಂಡು ಹೊರಬಂದವನ ಸಾಲ ಹಾಗೆಯೇ ಉಳಿದಿರುತ್ತದೆ. ಆದರೂ ಜನ ಅಮೀನರಿಗೆ ಹೆದರಿ ಓಡಿಹೋಗಿ ದುಡ್ಡು ಕಟ್ಟುತ್ತಾರೆ. ಮನೆ ಮುಂದೆ ಗಾಡಿ ನಿಂತು, ಎದುರು ಮನೆಯವರು ಒಣಗಿದ ಬಟ್ಟೆಯನ್ನು ಮತ್ತೆ ಒಣಗಿಸಲು ಮಹಡಿಗೆ ಬರುತ್ತಾರಲ್ಲ, ವಸೂಲಿಯ ಶಕ್ತಿ ಇರುವುದು ಅಲ್ಲಿ. ಬಟ್ಟೆ, ಪಾತ್ರೆ, ಹಾಸಿಗೆಯನ್ನು ಉಳಿಸಿಕೊಟ್ಟ ಅರವತ್ತನೇ ಕಲಂ ಮರ್ಯಾದೆಯನ್ನು ಪಟ್ಟಿಗೆ ಸೇರಿಸಿಲ್ಲ. ಜಪ್ತಿಗೆ ಮೊದಲು ಸಿಗುವ ಸ್ವತ್ತು ಅದೇ.

ಮರ್ಯಾದೆಯ ಹಂಗಿಲ್ಲದ ಕಡೆ ಸಾಮಾನನ್ನೇ ಎತ್ತಬೇಕಾಗುತ್ತದೆ. ಭೂಸ್ವಾಧೀನದ ಪರಿಹಾರ ಕೊಡದ ಸರ್ಕಾರಿ ಕಚೇರಿಗಳ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿಯಾದ ಸುದ್ದಿಯನ್ನೂ, ಅಪಘಾತದ ಪರಿಹಾರ ಕೊಡದ ಸಾರಿಗೆ ಬಸ್ಸನ್ನು ಹಿಡಿದು ಕೋರ್ಟಿನ ಆವರಣದಲ್ಲಿ ನಿಲ್ಲಿಸಿದ ಸುದ್ದಿಯನ್ನೂ ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಓದುತ್ತೇವೆ. ಅಲ್ಲಿ ಯಾವ ಮಹಡಿಯಿಂದ ಯಾರು ಇಣುಕಿದರೂ ಕಚೇರಿಗೆ ನಾಚಿಕೆಯಾಗುವುದಿಲ್ಲ. ಕೂರಲು ಕುರ್ಚಿಯಿಲ್ಲದಾಗಲೇ ಕಡತ ಏಳುವುದು.

ನಮ್ಮ ಮನೆಯಿಂದ ಒಂದು ಚಮಚವನ್ನೂ ಎತ್ತದೆ ಗಾಡಿ ಹೋಯಿತು. ಆದರೆ ಎದುರು ಮನೆಯವರಿಗೆ, ಮೇಲಿನ ಮನೆಯವರಿಗೆ, ಹೂವಿನವಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ವಿವರಣೆ ಕೊಟ್ಟದ್ದು ನಾನು. "ನಿಮ್ಮದಲ್ಲ ಬಿಡಿ, ಗೊತ್ತಾಯ್ತು" ಎಂದು ಅವರು ಹೇಳುತ್ತಿದ್ದ ರೀತಿಯಲ್ಲೇ ಅವರಿಗೆ ಗೊತ್ತಾಗಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಅಂಗಡಿಯವರು ತಿಂಗಳ ಲೆಕ್ಕದ ಪುಸ್ತಕ ಮುಚ್ಚಿ, "ಈಗ ಎಲ್ಲಾ ಫೋನ್‌ಪೇ ಅಲ್ವಾ ಮೇಡಂ" ಎಂದರು. ಬಾಕಿ ಇಟ್ಟ ಮಹಾನುಭಾವರು ಆ ಹೊತ್ತಿಗೆ ಯಾವ ಬಡಾವಣೆಯಲ್ಲಿ ಯಾರ ಅಡ್ವಾನ್ಸ್ ಕರಗಿಸುತ್ತಿದ್ದರೋ!

ಈ ಪ್ರಕರಣದಿಂದ ಲಾಭವಾದದ್ದು ಅತ್ತೆಗೆ ಮಾತ್ರ. ಅರವತ್ತನೇ ಕಲಂ ಅವರಿಗೆ ಕಂಠಪಾಠವಾಗಿದೆ. ಹಬ್ಬದ ಬೋನಸ್ಸಿನಲ್ಲಿ ಗೋಡೆಯಗಲದ ಟಿವಿ ತರಬೇಕೆಂದು ನಮ್ಮವರು ಕನಸು ಕಂಡಿದ್ದರು. ಅತ್ತೆ ಒಪ್ಪಲಿಲ್ಲ. "ಟಿವಿಗೆ ಕಾನೂನಿನ ರಕ್ಷಣೆ ಇಲ್ಲ ಕಣೋ. ಒಂದು ದೊಡ್ಡ ಕೊಳದಪ್ಪಲೆ, ಎರಡು ಒಳ್ಳೇ ಹತ್ತಿ ಹಾಸಿಗೆ ತಾ. ಕೋರ್ಟೂ ಮುಟ್ಟೋ ಹಾಗಿಲ್ಲ" ಎಂದರು.

"ಅಮ್ಮಾ, ನಾವು ಒಂದನೇ ತಾರೀಕಿಗೆ ಸರಿಯಾಗಿ ಬಾಡಿಗೆ ಕಟ್ಟೋರು. ನಮ್ಮನೆಗೆ ಯಾಕೆ ಅಮೀನರು ಬರ್ತಾರೆ?" ಎಂದರು ನಮ್ಮವರು.

ಅತ್ತೆ ತಲೆಯೆತ್ತದೆ ಹುರುಳಿಕಾಯಿ ಮುರಿಯುತ್ತಾ ಹೇಳಿದರು: "ಕಟ್ಟೋರ ಮನೆಗೇ ಅಲ್ವೇನೋ ಮೊನ್ನೆ ಬಂದಿದ್ದು?"