ವಸೂಲಿ ಮಾವ

ನನ್ನ ಅಕ್ಕನ ಗಂಡನಿಗೆ ನಮ್ಮ ಮಕ್ಕಳು ಇಟ್ಟ ಹೆಸರು ವಸೂಲಿ ಮಾವ. ನನಗೆ ಭಾವ. ಮೂವತ್ತು ವರ್ಷ ಬ್ಯಾಂಕಿನ ಆಡಿಟ್‌ನಲ್ಲಿದ್ದು ನಿವೃತ್ತರಾದವರು. ಬಿಎಂಟಿಸಿ ದಿನದ ಪಾಸು ತೆಗೆದುಕೊಂಡ ದಿನ ಅವರು ಮೆಜೆಸ್ಟಿಕ್ಕಿಗೆ ಹೋಗಿ, ಕೆಲಸ ಮುಗಿಸಿ, ಸುಮ್ಮನೆ ಮನೆಗೆ ಬಂದದ್ದೇ ಇಲ್ಲ. ಪಾಸಿನ ದುಡ್ಡು ಹುಟ್ಟುವ ತನಕ ಕೆಂಗೇರಿಗೆ ಹೋಗುತ್ತಾರೆ, ಯಲಹಂಕಕ್ಕೆ ಹೋಗುತ್ತಾರೆ. ಅಲ್ಲಿ ಏನು ಕೆಲಸ ಎಂದರೆ, ‘ಬಸ್ಸು ಅಲ್ಲಿಗೆ ಹೋಗ್ತಿತ್ತು’ ಎನ್ನುತ್ತಾರೆ.

ಇಂಥವರು 2025ರ ಮೇನಲ್ಲಿ ಲಂಡನ್ನಿಗೆ ಹೊರಟರು. ಜೊತೆಗೆ ಅಕ್ಕ, ನಾನು, ನನ್ನ ಹೆಂಡತಿ. ಒಂದು ವಾರ. ನಾವು ಏನು ನೋಡಬೇಕು ಎಂದು ಯೋಚಿಸಿದ್ದು ಎರಡು ಸಂಜೆ. ಯಾವ ಪಾಸು ಕೊಳ್ಳಬೇಕು ಎಂದು ಭಾವ ಯೋಚಿಸಿದ್ದು ಮೂರು ತಿಂಗಳು. ಅವರ ಹಳೇ ಬ್ಯಾಂಕ್ ಡೈರಿಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಅರ್ಧ ಸಾಲು, ದರಪಟ್ಟಿಗೆ ಹನ್ನೊಂದು ಪುಟ.

ನಾನು ಬುದ್ಧಿವಂತನ ಹಾಗೆ ಹೇಳಿದೆ: ‘ಭಾವ, ಅಲ್ಲಿ ಪಾಸೇ ಬೇಡವಂತೆ. ಬ್ಯಾಂಕಿನ ಕಾರ್ಡು ಗೇಟಿಗೆ ಮುಟ್ಟಿಸಿದರೆ ಸಾಕು. ಊರಿನ ನಡುಭಾಗದ ಒಂದು, ಎರಡನೇ ದರವಲಯದೊಳಗೆ ದಿನಕ್ಕೆ 8.90 ಪೌಂಡು ದಾಟಿದ ಮೇಲೆ ಎಷ್ಟು ಓಡಾಡಿದರೂ ಹಿಡಿಯೋದಿಲ್ಲ. ಲೆಕ್ಕ ಎಲ್ಲ ಮಷೀನೇ ಹಾಕುತ್ತೆ.’

ಭಾವ ಕನ್ನಡಕ ತೆಗೆದರು. ‘ಮಷೀನು ಹಾಕುತ್ತೆ ಅಂತ ನಾವು ತಲೆ ಊರಲ್ಲಿ ಬಿಟ್ಟು ಹೋಗೋಕಾಗುತ್ತೇನಯ್ಯಾ? ನಾವು ಇಳಿಯೋದು ಯಾವ ವಾರ?’

‘ಗುರುವಾರ.’

‘ನಿನ್ನ ಮಷೀನಿಗೆ ವಾರ ಅಂದ್ರೆ ಸೋಮವಾರದಿಂದ ಭಾನುವಾರ. ವಾರದ ಮಿತಿ 44.70. ಗುರುವಾರ ಇಳಿದು ಬುಧವಾರದ ತನಕ ತಿರುಗೋನಿಗೆ ಅದರ ಎರಡು ತುಂಡು ಸಿಗುತ್ತೆ, ಇಡೀ ವಾರ ಒಂದೂ ಸಿಗೋಲ್ಲ. ಏಳು ದಿನಕ್ಕೆ ದಿನದ ಲೆಕ್ಕದಲ್ಲಿ 62.30 ಕಕ್ಕಬೇಕು. ಅದೇ ಅಲ್ಲಿನ ಸಾರಿಗೆಯ ಆಯ್‌ಸ್ಟರ್ ಕಾರ್ಡಿಗೆ ಏಳು ದಿನದ ಟ್ರಾವೆಲ್‌ಕಾರ್ಡ್ ತುಂಬಿಸಿದ್ರೆ ಯಾವ ದಿನದಿಂದ ಬೇಕಾದ್ರೂ ಶುರು. ಅದೇ 44.70!’

ಹೀಗೆ ಹೇಳುವಾಗ ಅವರ ಮುಖದಲ್ಲಿದ್ದ ಕಳೆ ಅವರ ಮದುವೆಯ ಫೋಟೋದಲ್ಲೂ ಇಲ್ಲ. ಸತ್ಯ ಹೇಳಬೇಕೆಂದರೆ ಅವರು ಹೇಳಿದ್ದು ಅಕ್ಷರಶಃ ಸರಿ. ಈ ಜಾತಿಯ ಜನರಲ್ಲಿ ಇರುವ ತೊಂದರೆಯೇ ಅದು, ಅವರ ಲೆಕ್ಕ ತಪ್ಪುವುದಿಲ್ಲ.

‘ಆ ಕಾರ್ಡಿಗೇನೂ ದುಡ್ಡಿಲ್ವಾ?’ ಎಂದಳು ಅಕ್ಕ ಒಳಗಿನಿಂದ.

ಕಾರ್ಡಿಗೆ ಆಗ ಏಳು ಪೌಂಡು ಇತ್ತು, ವಾಪಸ್ ಬರುತ್ತಿರಲಿಲ್ಲ. ಭಾವ ಒಂದು ಕ್ಷಣ ಸುಮ್ಮನಾಗಿ ಡೈರಿಯಲ್ಲಿ 16 ಎಂದಿದ್ದುದನ್ನು ಹೊಡೆದು 19 ಮಾಡಿದರು. ಆಗ ಟ್ಯೂಬ್ ರೈಲಿನಲ್ಲಿ ಒಂದನೇ ವಲಯದೊಳಗೆ ಜನಸಂದಣಿ ಇಲ್ಲದ ಹೊತ್ತಿನ ಒಂದು ಸವಾರಿಗೆ 2.80 ಇತ್ತು. ಹತ್ತೊಂಬತ್ತು ಸಲ ಹತ್ತಿ ಇಳಿದರೆ ಹಾಕಿದ ದುಡ್ಡು ಬಂತು, ಇಪ್ಪತ್ತನೆಯದರಿಂದ ಲಾಭ.

ಅಲ್ಲಿಂದ ಮುಂದೆ ನಾವು ನೋಡಿದ್ದು ಲಂಡನ್, ಭಾವ ನೋಡಿದ್ದು ಹತ್ತೊಂಬತ್ತು.

ನಾವಿದ್ದ ರೂಮು ಅರ್ಲ್ಸ್ ಕೋರ್ಟಿನಲ್ಲಿ. ಶನಿವಾರ ಲೆಸ್ಟರ್ ಸ್ಕ್ವೇರಿನಲ್ಲಿದ್ದೆವು, ಕಾವೆಂಟ್ ಗಾರ್ಡನ್‌ಗೆ ಹೋಗಬೇಕಿತ್ತು. ಎರಡು ನಿಲ್ದಾಣದ ನಡುವೆ ಇರುವುದು ಮುನ್ನೂರು ಮೀಟರೂ ಇಲ್ಲ, ಇಡೀ ಟ್ಯೂಬಿನಲ್ಲೇ ಅತಿ ಗಿಡ್ಡ ಅಂತರ. ನಾನೂ ನನ್ನ ಹೆಂಡತಿಯೂ ಅಂಗಡಿಗಳನ್ನು ನೋಡುತ್ತ ನಡೆದೇ ಹೋದೆವು. ಭಾವ ಅಕ್ಕನನ್ನು ಕರೆದುಕೊಂಡು ಎಸ್ಕಲೇಟರಿನಲ್ಲಿ ಪಾತಾಳಕ್ಕಿಳಿದು, ರೈಲು ಹತ್ತಿ, ಅಕ್ಕ ಕೂರಲು ಜಾಗ ಹುಡುಕುವಷ್ಟರಲ್ಲಿ ಇಳಿದರು. ಕಾವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿನ ಮುಂದೆ ಜಾತ್ರೆ. ಪಕ್ಕದಲ್ಲೇ ಸುತ್ತುಮೆಟ್ಟಿಲು, 193 ಮೆಟ್ಟಿಲಿವೆ ಎಂದು ಎಚ್ಚರಿಕೆಯ ಬೋರ್ಡೂ ಇದೆ. ಅಕ್ಕ ಲಿಫ್ಟಿಗೆ ಕಾದಳು. ಭಾವ ಬೋರ್ಡು ಓದಿ, ಮೆಟ್ಟಿಲಿಗೆ ದುಡ್ಡಿಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿದರು. ಮೇಲೆ ಬಂದಾಗ ಮಾತಾಡಲಾಗಲಿಲ್ಲ. ಬೆರಳಿನಲ್ಲಿ ಏಳು ಎಂದು ತೋರಿಸಿದರು. ಆ ಸವಾರಿ ಉಳಿಸಿದ್ದಕ್ಕಿಂತ ಹೆಚ್ಚು ಮೊಣಕಾಲಿನ ಮುಲಾಮಿಗೆ ಹೋಯಿತು. ಅದು ಡೈರಿಯಲ್ಲಿ ಬೇರೆ ಖಾತೆ, ‘ವೈದ್ಯಕೀಯ’.

ಭಾನುವಾರ ಬೆಳಗಿನಿಂದ ಜಿಟಿಜಿಟಿ ಮಳೆ. ನಾವಿಬ್ಬರು ರೂಮಿನಲ್ಲೇ ಚಹಾ ಕುಡಿದುಕೊಂಡು ಕೂತೆವು, ನಮ್ಮ ಕಾರ್ಡಿನಿಂದ ಅವತ್ತು ಒಂದು ಪೆನ್ನಿಯೂ ಹೋಗಲಿಲ್ಲ. ಭಾವ ಶಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ‘ಅಲ್ಲಿ ಪಾಸು ಓಡ್ತಾ ಇದೆ, ಇಲ್ಲಿ ನಾವು ಮಲಗಿರೋದಾ?’ ಅವರಿಗೆ ಅದು ಆನ್ ಮಾಡಿಟ್ಟ ಗೀಸರಿನ ಹಾಗೆ. ಅಕ್ಕನಿಗೆ ಇಡ್ಲಿಯ ಆಸೆಯಾಗಿತ್ತು. ಈಸ್ಟ್ ಹ್ಯಾಮಿನಲ್ಲಿ ದಕ್ಷಿಣದ ಹೋಟೆಲುಗಳಿವೆ, ಆದರೆ ಅದು ಎರಡನೇ ವಲಯದಾಚೆ. ಟ್ಯೂಬಿನಲ್ಲಿ ಹೋದರೆ ಮೇಲೆ ಕೊಡಬೇಕು. ಆದರೆ ಪಾಸು ಯಾವ ವಲಯದ್ದಾದರೂ ಸರಿ, ಲಂಡನ್ನಿನ ಕೆಂಪು ಬಸ್ಸಿಗೆ ಊರಿಡೀ ನಡೆಯುತ್ತದೆ. ಬಸ್ಸು ಬದಲಿಸಿ ಬದಲಿಸಿ ಅವರು ಹೋದದ್ದು ಇಡ್ಲಿಗೆ, ತಲುಪುವ ಹೊತ್ತಿಗೆ ಇದ್ದದ್ದು ಊಟ. ‘ಮೇಲಿನ ಡೆಕ್ಕಲ್ಲಿ ಮುಂದಿನ ಸೀಟೇ ಸಿಕ್ಕಿತ್ತು ಕಣೋ, ಇಡೀ ಊರು ನೋಡಿದೆ’ ಎಂದು ಅಕ್ಕ ಖುಷಿಯಾಗಿಯೇ ಬಂದಳು. ಪ್ರವಾಸದಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಅದೊಂದು ಸಲ.

ಸೋಮವಾರ ಬಸವಣ್ಣನ ಪ್ರತಿಮೆ. ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿದೆ. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದೆವು. ‘ಈ ಸ್ಟೇಷನ್ನು ಒಂದನೇ ವಲಯಕ್ಕೂ ಸೇರುತ್ತೆ, ಎರಡಕ್ಕೂ ಸೇರುತ್ತೆ’ ಎಂದು ಭಾವ ಅದನ್ನು ಎರಡು ಹೊಳೆ ಕೂಡುವ ಸಂಗಮದ ಹಾಗೆ ವರ್ಣಿಸಿದರು. ಪ್ರತಿಮೆಯ ಮುಂದೆ ಅಕ್ಕ ಕಣ್ಣು ಮುಚ್ಚಿ ಕೈಮುಗಿದಳು. ಭಾವನೂ ಮುಗಿದರು. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋಗಿ ಕೇಳಿದೆ: ‘ಹನ್ನೊಂದು, ವಾಪಸ್ ಹೋದ್ರೆ ಹನ್ನೆರಡು...’

ಬುಧವಾರ ರಾತ್ರಿ ಹತ್ತೊಂಬತ್ತು ದಾಟಿ ಇಪ್ಪತ್ತೊಂದಾಗಿತ್ತು. ಇನ್ನು ನೆಮ್ಮದಿ ಎಂದು ನಾನು ಪೆಟ್ಟಿಗೆ ಕಟ್ಟುತ್ತಿದ್ದರೆ ಭಾವ ಒಳಗೆ ಬಂದು ಬಾಗಿಲು ಹಾಕಿದರು.

‘ಬೆಳಿಗ್ಗೆ ಏರ್‌ಪೋರ್ಟಿಗೆ ಹೇಗೆ ಹೋಗ್ತಿದ್ದೀಯ?’

‘ಟ್ಯೂಬಲ್ಲಿ.’

‘ಪಾಸು ಬುಧವಾರ ಮುಗಿಯುತ್ತೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಮುಗಿಯೋಲ್ಲ. ಗುರುವಾರ ಬೆಳಗಿನ ಜಾವ 4 ಗಂಟೆ 29 ನಿಮಿಷದ ತನಕ ಜೀವ ಇರುತ್ತೆ. ರಾತ್ರಿ ಬಸ್ಸು ಎನ್9 ಸೀದಾ ಹೀಥ್ರೂಗೆ ಹೋಗುತ್ತೆ.’

ವಿಮಾನ ಇದ್ದದ್ದು ಒಂಬತ್ತೂವರೆಗೆ. ಬೆಳಗಿನ ಜಾವ ಮೂರೂವರೆಗೆ ನಾವು ನಾಲ್ವರು, ಆರು ಸೂಟ್‌ಕೇಸು, ಕೆನ್ಸಿಂಗ್ಟನ್ ಹೈ ಸ್ಟ್ರೀಟಿನ ತನಕ ಗಾಲಿ ಗಡಗಡ ಎನ್ನಿಸಿಕೊಂಡು ಹೋದೆವು. ಒಂದು ಕಿಟಕಿಯಲ್ಲಿ ದೀಪ ಹತ್ತಿ ಆರಿತು. ಬಸ್ಸು ಬಂತು. ಭಾವ ಕಾರ್ಡು ಮುಟ್ಟಿಸಿ, ಹಸಿರು ದೀಪ ನೋಡಿ, ಕೈಗಡಿಯಾರ ನೋಡಿದರು. 4:06. ನನ್ನ ಕಾರ್ಡಿನಿಂದ 1.75 ಹೋದದ್ದನ್ನು ಕನಿಕರದಿಂದ ನೋಡಿದರು.

ಅಕ್ಕ ಸೂಟ್‌ಕೇಸಿಗೆ ಒರಗಿ ಅರೆನಿದ್ದೆಯಲ್ಲಿ ಕೇಳಿದಳು: ‘ರೀ, ಬೆಂಗಳೂರಲ್ಲಿ ಇಳಿದ ಮೇಲಾದ್ರೂ ಟ್ಯಾಕ್ಸಿ ತಾನೆ?’

ಭಾವ ಉತ್ತರಿಸಲಿಲ್ಲ. ಡೈರಿಯ ಕೊನೆಯ ಪುಟಕ್ಕೆ ಬಂದಿದ್ದರು. ಅಲ್ಲಿ ಕೆಂಪು ಶಾಯಿಯಲ್ಲಿ ‘ವಾಯುವಜ್ರ ಬಸ್ಸು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿತ್ತು.