ಗಡಿಸೀಮೆಯ ಕೋಶಕಾರ ಮೀಮಾಂಸೆ

ಶಾಸ್ತ್ರ ಬರೆಯಹೊರಟವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ವಿಷಯ, ಈಗ ತೆಲಂಗಾಣದಲ್ಲಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಿಘಂಟುಕಾರರು. ಪ್ರಯೋಜನ, ಲೇಖಕನಿಗೆ ಸಂಭಾವನೆ. ಸಂಬಂಧ, ಬಹುಮಟ್ಟಿಗೆ ಬೀಗತನ. ಅಧಿಕಾರಿ ಯಾರೆಂಬುದೊಂದೇ ಕಗ್ಗಂಟು.

ಪೂರ್ವಪಕ್ಷದವರು ಹೇಳುವುದು ಹೀಗೆ. ನಿಘಂಟುಕಾರನೆಂದರೆ 1853ರಲ್ಲಿ ಜರ್ಮನಿಯಿಂದ ಬಂದು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಸುಮಾರು 70,000 ಪದಗಳ ಕೋಶ ಹೊರತಂದ ಫರ್ಡಿನಾಂಡ್ ಕಿಟೆಲ್. ಅವರಿಗೂ ಮುಂಚೆ ಬಳ್ಳಾರಿಯಲ್ಲಿ ದುಡಿದ ವಿಲಿಯಂ ರೀವ್. ತೆಲುಗಿನ ಕಡೆಗೆ ಸಿ. ಪಿ. ಬ್ರೌನ್, ಕಡಪದ ಬಂಗಲೆಯಲ್ಲಿ ಕೈಯಿಂದ ದುಡ್ಡು ಹಾಕಿ ಪಂಡಿತರನ್ನು ಇಟ್ಟುಕೊಂಡಿದ್ದವರು. ಪದ ಹೇಳಿದವರು ಪಂಡಿತರು, ಹೆಸರು ಉಳಿದದ್ದು ಬ್ರೌನಿನದು.

ಈ ದೊರೆಗಳ ಊರುಗಳನ್ನೆಲ್ಲ ನಕಾಶೆಯ ಮೇಲೆ ಚುಕ್ಕೆಯಿಟ್ಟು ನೋಡಿ. ಅಷ್ಟೂ ಕಂಪನಿಯ ಸೀಮೆ, ಆಮೇಲೆ ರಾಣಿಯದು. ನಮ್ಮ ಮೂರು ಊರುಗಳೋ ನಿಜಾಮರವು. ಕಚೇರಿಯಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು, ಸಂತೆಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ, ನಾರಾಯಣಪೇಟೆಯ ಕೆಲವು ಮನೆಗಳಲ್ಲಿ ಮರಾಠಿ. ಪಾದ್ರಿಯೊಬ್ಬ ಅಪ್ಪಿತಪ್ಪಿ ಬಂದಿದ್ದರೂ ಯಾವ ಅಕ್ಷರದಿಂದ ಶುರುಮಾಡಬೇಕೆಂದು ತೋಚದೆ ಅದೇ ಗಾಡಿಗೆ ಹಿಂದಿರುಗುತ್ತಿದ್ದನೆಂಬುದು ನಮ್ಮ ಊಹೆ. (ಊಹೆಯನ್ನು ಎರಡು ಕಡೆ ಅಚ್ಚುಹಾಕಿಸಿದರೆ ಸಂಶೋಧನೆಯಾಗುತ್ತದೆ.)

ಇನ್ನು ಸಿದ್ಧಾಂತ: ಈ ಸೀಮೆಯ ಆದಿ ನಿಘಂಟುಕಾರ್ತಿ ಸೊಸೆ.

1956ರ ನವೆಂಬರ್ 1ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯ ತಾಲ್ಲೂಕು. ಅಂದು ಹೈದರಾಬಾದ್ ರಾಜ್ಯ ಒಡೆದು ರಾಯಚೂರು ಮೈಸೂರಿಗೆ, ಗದ್ವಾಲ ಆಂಧ್ರಕ್ಕೆ ಸಂದವು. ಬೀಗರನ್ನು ಮಾತ್ರ ಯಾವ ಆಯೋಗವೂ ಪುನರ್ವಿಂಗಡಿಸಲಿಲ್ಲ. ಹೀಗಾಗಿ ಯಾದಗಿರಿ ಕಡೆಯ ಹುಡುಗಿ ಮಕ್ತಲಿನ ಮನೆ ತುಂಬುತ್ತಾಳೆ. ಅತ್ತೆ ತೆಲುಗಿನಲ್ಲಿ ಒಂದು ಪಾತ್ರೆ ಕೇಳುತ್ತಾಳೆ, ಸೊಸೆ ಇನ್ನೊಂದು ತರುತ್ತಾಳೆ. “ಯವ್ವಾ, ನಿಮ್ಮವ್ವ ಇದನ್ನೂ ಕಲಿಸಲಿಲ್ಲೇನ?” ಎಂದು ಆರಂಭಿಸಿ ಅತ್ತೆ ಆ ಪದದ ಅರ್ಥ, ಪರ್ಯಾಯ, ಪ್ರಯೋಗ, ತವರಿನ ಮೂರು ತಲೆಮಾರಿನ ಉಲ್ಲೇಖ, ಎಲ್ಲವನ್ನೂ ಓಣಿಗೆ ಕೇಳಿಸುವಂತೆ ದಯಪಾಲಿಸುತ್ತಾಳೆ. ವಿದ್ವಾಂಸರು ಇದನ್ನು ಕ್ಷೇತ್ರಕಾರ್ಯ ಎನ್ನುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳು ಹೊರಬರಲು 1970ರಿಂದ 1995ರವರೆಗೆ ಹಿಡಿಯಿತು. ಸೊಸೆಗೆ ಒಂದು ಆಷಾಢದಿಂದ ಮುಂದಿನ ಆಷಾಢ ಸಾಕು.

ಎರಡನೆಯ ಅಧಿಕಾರಿ ಸೀರೆ ವ್ಯಾಪಾರಿ. ಗದ್ವಾಲ ಸೀರೆಗೆ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಗುಣ ಹೊಗಳಲು ಒಂದು ಭಾಷೆ ಸಾಲದು. ಗಿರಾಕಿ ಮೆಟ್ಟು ಬಿಡುವಷ್ಟರಲ್ಲಿ ಆಕೆಯ ಭಾಷೆ ಗುರುತಿಸುವವನು ಮಧ್ಯಮ. ಬೆಲೆಯನ್ನು ಆಕೆಯ ಗಂಡನಿಗೆ ತಿಳಿಯದ ಭಾಷೆಯಲ್ಲಿ ಹೇಳುವವನು ಉತ್ತಮ.

ಮೂರನೆಯವರು ಇದೇ ಸೀಮೆಯ ಕೃಷ್ಣಾ ಮಂಡಲದ ಕನ್ನಡ ಶಾಲೆಯ ಮೇಷ್ಟ್ರು. ತೆಲುಗಿನ ಸುತ್ತೋಲೆ ಓದಿ ಕನ್ನಡದಲ್ಲಿ ಪಾಠ ಹೇಳುವವರು. ಅವರಿಗೆ ಪುರುಸೊತ್ತಿಲ್ಲವಾಗಿ ನಾವೂ ಹೆಚ್ಚು ಬರೆಯೆವು.

ಆಕ್ಷೇಪ: ಇವರಾರೂ ಬರೆದಿಟ್ಟಿಲ್ಲವಲ್ಲ? ಸಮಾಧಾನ: ಇಂಥದೇ ಮಾತು ತೆಲಂಗಾಣದ ಕವಿಗಳ ಬಗ್ಗೆಯೂ ಬಂದಿತ್ತು. ಈಗಿನ ಗದ್ವಾಲ ಜಿಲ್ಲೆಯವರೇ ಆದ ಸುರವರಂ ಪ್ರತಾಪರೆಡ್ಡಿ 1934ರಲ್ಲಿ ‘ಗೋಲ್ಕೊಂಡ ಕವುಲ ಸಂಚಿಕ’ ತಂದು 354 ಕವಿಗಳನ್ನು ಸಾಲಾಗಿ ನಿಲ್ಲಿಸಿದರು. ಸೊಸೆಯರ ಸಂಚಿಕೆ ಹೊರಟರೆ ಲೆಕ್ಕ ಅಲ್ಲಿಗೆ ನಿಲ್ಲದು. ಆಕ್ಷೇಪಿಸುವವರು ಎಚ್ಚರದಿಂದಿರುವುದು ಲೇಸು.

ಪ್ರಾಸಂಗಿಕವಾಗಿ ಒಂದು ವೈದ್ಯಕೀಯ ಅಂಶ. ಪರಿಷತ್ತಿನ ನಿಘಂಟಿನ ಸಂಪಾದಕ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬಾಳಿದರು. ಪದಗಳ ತಪ್ಪು ತಿದ್ದುವುದು ಆಯುಷ್ಯವರ್ಧಕ ಎಂದಾಯಿತು. ಮಕ್ತಲಿನ ಅತ್ತೆಯರ ದೀರ್ಘಾಯುಷ್ಯಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕಿಟೆಲ್ಲರಿಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. ಅದೇ ನ್ಯಾಯದಿಂದ ಈ ಸೀಮೆಯ ಸೊಸೆಯರಿಗೂ ಕೊಡತಕ್ಕದ್ದು. ಮಾರ್ಗದರ್ಶಕರ ಹೆಸರಿನ ಜಾಗದಲ್ಲಿ ಅತ್ತೆಯ ಹೆಸರು ಬರೆಯತಕ್ಕದ್ದು. ಘಟಿಕೋತ್ಸವವನ್ನು ದಯವಿಟ್ಟು ಶ್ರಾವಣದ ಮಂಗಳವಾರ ಇಡಬೇಡಿ, ಇಬ್ಬರಿಗೂ ಬಿಡುವಿರುವುದಿಲ್ಲ.